ನಂ. 27 ಡೆಡ್, ಚಿಕ್ಕವೆಂಕಟಪ್ಪನೊಂದಿಗೆ

2025ರ ನವೆಂಬರ್ ನಾಲ್ಕು, ಮಂಗಳವಾರದಂದು, ಚಿಕ್ಕವೆಂಕಟಪ್ಪನವರು ಬದುಕಿದ್ದಾರೆ ಎಂದು ಬ್ಯಾಂಕು ಒಪ್ಪಿಕೊಂಡಿತು. ಪಿಂಚಣಿದಾರರು ವರ್ಷಕ್ಕೊಮ್ಮೆ ಕೊಡಬೇಕಾದ ಜೀವನ ಪ್ರಮಾಣಪತ್ರಕ್ಕಾಗಿ ಅವರು ಹೆಬ್ಬೆರಳು ಒತ್ತಿದಾಗ ಯಂತ್ರವು ಮೂರು ಬಾರಿ ಗುರುತಿಸಲು ನಿರಾಕರಿಸಿ, ನಾಲ್ಕನೆಯ ಬಾರಿಗೆ ಹಸಿರು ದೀಪ ತೋರಿಸಿತು. ಸಲಿಕೆಯ ಹಿಡಿ ಸವೆಸಿದ ಬೆರಳುಗಳು ಅವು, ಯಂತ್ರವನ್ನು ದೂರುವಂತಿಲ್ಲ. ಎರಡು ದಿನ ಕಳೆದು, ಗುರುವಾರ ಸಂಜೆ, ತಾವು ನಲವತ್ತು ವರ್ಷಗಳ ಹಿಂದೆಯೇ ತೀರಿಕೊಂಡಿರುವ ಸಂಗತಿ ಅವರಿಗೆ ತಿಳಿದುಬಂತು.

ಸುದ್ದಿ ತಂದವಳು ಮೊಮ್ಮಗಳು ಬೃಂದಾ. ಇಂದಿರಾನಗರದ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಅವಳು ಅಂದು ರಜೆ ಹಾಕಿ, ಗೆಳತಿಯರೊಂದಿಗೆ ಟಿನ್ ಫ್ಯಾಕ್ಟರಿಯ ಹಿಂದಿರುವ ಸಣ್ಣ ಉಗಿಬಂಡಿ ಸಂಗ್ರಹಾಲಯವನ್ನು ನೋಡಲು ಹೋಗಿದ್ದಳು. ದೊಡ್ಡನೆಕ್ಕುಂದಿಯ ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲು ಕೇಳಿದಳು.

"ತಾತ, ಕಂಟೋನ್ಮೆಂಟ್ ರೈಲ್ವೆ ಯಾರ್ಡಲ್ಲಿ ನಿನ್ನ ಹೆಸರಿನೋರು ಇನ್ನೊಬ್ರು ಇದ್ರಾ?"

"ಇರ್ಲಿಲ್ಲ. ಯಾಕಮ್ಮ?"

"ಹಂಗಾದ್ರೆ ನೀನು ಸತ್ತೋಗಿದ್ದೀಯ. ನೋಡು."

ಅವಳ ಮೊಬೈಲಿನಲ್ಲಿ ಒಂದು ನೀಲಿ ಫಲಕದ ಚಿತ್ರವಿತ್ತು. ಚಿಕ್ಕವೆಂಕಟಪ್ಪನವರು ಕನ್ನಡಕ ಹಾಕಿಕೊಂಡು, ತಮ್ಮ ಅಭ್ಯಾಸದಂತೆ ಪ್ರತಿ ಪದದ ಕೆಳಗೆ ಬೆರಳಿಟ್ಟು ಓದಿದರು. ಅದರಲ್ಲಿ ಹೀಗಿತ್ತು: "ಹುತಾತ್ಮರ ಎಂಜಿನ್. 1985ರ ಡಿಸೆಂಬರ್ 9ರಂದು ಎಕ್ಸ್‌ಪ್ರೆಸ್ ಗಾಡಿಯನ್ನು ಎಳೆಯುತ್ತಿದ್ದ ನಂ. 27ರ ಬಿಸಿ ಪೆಟ್ಟಿಗೆ ಸ್ಫೋಟಗೊಂಡು, ಚಾಲಕ ಚಿಕ್ಕವೆಂಕಟಪ್ಪ ಎಂಜಿನ್ನಿನೊಂದಿಗೇ ಪ್ರಾಣ ತೆತ್ತರು. ನೂರಾರು ಪ್ರಯಾಣಿಕರನ್ನು ಉಳಿಸಿದ ಆ ಮಹನೀಯರ ಸ್ಮರಣಾರ್ಥ ಈ ಸಂಗ್ರಹಾಲಯ."

ಒಳಗಿನಿಂದ ಅವರ ಪತ್ನಿ ಮುನಿಯಮ್ಮನವರ ದನಿ ಕೇಳಿಸಿತು. "ಸತ್ತೋರು ಕಾಫಿ ಕುಡೀತಾರೋ ಇಲ್ವೋ ಕೇಳಮ್ಮ. ಹಾಲು ಸ್ವಲ್ಪಾನೇ ಐತೆ."

ಚಿಕ್ಕವೆಂಕಟಪ್ಪನವರು ನಗಲಿಲ್ಲ. ಕ್ಯಾಲೆಂಡರಿನಿಂದ ಕಳೆದ ತಿಂಗಳ ಹಾಳೆಯನ್ನು ಕಿತ್ತು, ಹಿಂಬದಿಗೆ ತಿರುಗಿಸಿ, ಪೆನ್ಸಿಲಿನಿಂದ ತಪ್ಪುಗಳ ಪಟ್ಟಿ ಬರೆಯತೊಡಗಿದರು. ಅದು ಎಕ್ಸ್‌ಪ್ರೆಸ್ ಅಲ್ಲ, ಗೂಡ್ಸ್. ಎಂಜಿನ್ ಎಳೆಯುತ್ತಿರಲಿಲ್ಲ, ಎಳೆಸಿಕೊಂಡು ಹೋಗುತ್ತಿತ್ತು. ಗೂಡ್ಸಿನಲ್ಲಿ ಪ್ರಯಾಣಿಕರಿರುವುದಿಲ್ಲ. ಚಿಕ್ಕವೆಂಕಟಪ್ಪ ಚಾಲಕನಲ್ಲ, ಎಂಜಿನ್ನಿನ ಒಲೆಗೆ ಕಲ್ಲಿದ್ದಲು ಹಾಕುವ ಫೈರ್‌ಮನ್. ಚಾಲಕನ ಪದವಿಯನ್ನು ಪರೀಕ್ಷೆ ಬರೆದು ಪಡೆಯಬೇಕು, ಫಲಕ ಬರೆದು ಕೊಡುವಂತಿಲ್ಲ. ಚಿಕ್ಕವೆಂಕಟಪ್ಪ ಸಾಯಲಿಲ್ಲ. ಸಂಗ್ರಹಾಲಯ ಅವನ ಸ್ಮರಣಾರ್ಥ ಕಟ್ಟಿದ್ದಲ್ಲ. ಏಳನೆಯದಾಗಿ, 'ಬಿಸಿ ಪೆಟ್ಟಿಗೆ' ಎಂಬ ಅಂಗ ಯಾವ ಎಂಜಿನ್ನಿಗೂ ಇಲ್ಲ. ಗಾಲಿಯ ಅಚ್ಚು ತಿರುಗುವ ಎಣ್ಣೆಪೆಟ್ಟಿಗೆ, ಅಂದರೆ ಆಕ್ಸಲ್ ಬಾಕ್ಸ್, ಮಿತಿ ಮೀರಿ ಕಾದರೆ ಅದನ್ನು ಹಾಟ್ ಬಾಕ್ಸ್ ಎನ್ನುತ್ತಾರೆ. ಅದೊಂದು ಸ್ಥಿತಿ, ವಸ್ತುವಲ್ಲ. ಅದು ಸ್ಫೋಟಗೊಳ್ಳುವುದಿಲ್ಲ. ಆ ದಿನ ಆದದ್ದಿಷ್ಟೇ:

ಇಲ್ಲಿಗೆ ಬಂದು ಪೆನ್ಸಿಲು ನಿಂತಿತು. ಬೃಂದಾ ದೀಪ ಹಾಕಿ ಒಳಗೆ ಹೋದಳು. ಆ ವಾಕ್ಯ ಮುಂದುವರಿಯಲಿಲ್ಲ.

ಫಲಕ ಬರೆದವರು ಸಂಗ್ರಹಾಲಯಕ್ಕೆ ಈ ವರ್ಷ ಹಣ ಕೊಟ್ಟ ಒಂದು ಕಂಪನಿಯ ಪ್ರಚಾರ ವಿಭಾಗದವರು. ಅವರಿಗೆ ಸಿಕ್ಕ ಆಧಾರವೆಂದರೆ ಗಾಜಿನ ಪೆಟ್ಟಿಗೆಯಲ್ಲಿರುವ ಹಳೆಯ ಯಾರ್ಡ್ ರಿಜಿಸ್ಟರಿನ ಒಂದೇ ಒಂದು ಇಂಗ್ಲಿಷ್ ಸಾಲು. ಕನ್ನಡದಲ್ಲಿ ಓದಿದರೆ ಅದು ಹೀಗಾಗುತ್ತದೆ: "ನಂ. 27 ಡೆಡ್, ಚಿಕ್ಕವೆಂಕಟಪ್ಪನೊಂದಿಗೆ. ಹಾಟ್ ಬಾಕ್ಸ್. ಬೇರ್ಪಡಿಸಲಾಗಿದೆ." ರೈಲ್ವೆಯಲ್ಲಿ ಒಂದು ದಿನ ದುಡಿದವರಿಗೂ ಗೊತ್ತು: ಒಲೆಯಲ್ಲಿ ಬೆಂಕಿಯಿಲ್ಲದೆ, ಬೇರೆ ಎಂಜಿನ್ನಿನಿಂದ ಎಳೆಸಿಕೊಂಡು ಹೋಗುವ ಎಂಜಿನ್ನಿಗೆ ಡೆಡ್ ಎನ್ನುತ್ತಾರೆ, ಅದರ ಕಾವಲಿಗೆ ಜೊತೆಯಲ್ಲಿ ಒಬ್ಬನನ್ನು ಕೂರಿಸುತ್ತಾರೆ, ಅವನ ಹೆಸರನ್ನು ಅದರ ಪಕ್ಕದಲ್ಲಿಯೇ ಬರೆಯುತ್ತಾರೆ. ವಿಚಾರಿಸಬೇಕೆಂದಿದ್ದರೆ ನಾಲ್ಕು ಕಿಲೋಮೀಟರ್ ದೂರದಲ್ಲಿ ಆ ಮನುಷ್ಯನೇ ಬದುಕಿದ್ದ. ಯಾರೂ ವಿಚಾರಿಸಲಿಲ್ಲ. ಒಬ್ಬ ಮನುಷ್ಯನನ್ನು ಕೊಲ್ಲುವ ಮುನ್ನ ಒಂದು ಫೋನ್ ಮಾಡುವಷ್ಟು ಸೌಜನ್ಯವನ್ನಾದರೂ ನಿರೀಕ್ಷಿಸಬಹುದಿತ್ತು.

ಚಿಕ್ಕವೆಂಕಟಪ್ಪನವರು ಹುಟ್ಟಿದ್ದು 1947ರಲ್ಲಿ, ಇದೇ ದೊಡ್ಡನೆಕ್ಕುಂದಿಯಲ್ಲಿ. ಆಗ ಅಲ್ಲಿ ರಾಗಿ ಹೊಲ ಮತ್ತು ಕೆರೆ ಇದ್ದವು. ತಂದೆ ಇಟ್ಟಿಗೆ ಗೂಡಿನಲ್ಲಿ ಬೆಂಕಿ ನೋಡುವ ಕೆಲಸದವರು. ಗೂಡಿನ ಗೋಡೆಗೆ ಕೈಯ ಹಿಂಬದಿಯನ್ನು ಇಟ್ಟು, ಒಂದು ಎರಡು ಎಂದು ಎಣಿಸಿ, ಒಳಗಿನ ಇಟ್ಟಿಗೆ ಎಷ್ಟು ಬೆಂದಿದೆ ಎಂದು ಹೇಳುತ್ತಿದ್ದರು. ಅಂಗೈ ಸುಟ್ಟುಕೊಂಡರೆ ಮರುದಿನ ಸಲಿಕೆ ಹಿಡಿಯಲಾಗುವುದಿಲ್ಲ. ಆದ್ದರಿಂದ ಕೈಯ ಹಿಂಬದಿ. ಮಗ ತಂದೆಯಿಂದ ಪಡೆದ ಆಸ್ತಿ ಇದೊಂದೇ.

1968ರಲ್ಲಿ ಅವರು ಕಂಟೋನ್ಮೆಂಟ್ ಯಾರ್ಡಿನ ಶೆಡ್ಡಿಗೆ ಎಂಜಿನ್ ಒರೆಸುವ ಕ್ಲೀನರ್ ಆಗಿ ಸೇರಿದರು. ಆರು ವರ್ಷ ಎಣ್ಣೆಬಟ್ಟೆ ಹಿಡಿದ ಮೇಲೆ ಫೈರ್‌ಮನ್ ಆದರು. ಮುಂದಿನ ಹನ್ನೊಂದು ವರ್ಷ ನಂ. 27 ಎಂಬ ಶಂಟಿಂಗ್ ಎಂಜಿನ್ನಿನ ಬೆಂಕಿಗೆ ಅವರೇ ಒಡೆಯರಾಗಿದ್ದರು. ಅದು ದೂರ ಹೋಗುವ ಎಂಜಿನ್ ಆಗಿರಲಿಲ್ಲ. ಯಾರ್ಡಿನ ಒಂದು ತುದಿಯಿಂದ ಇನ್ನೊಂದು ತುದಿಗೆ ವ್ಯಾಗನ್ನುಗಳನ್ನು ತಳ್ಳುವುದು, ತರುವುದು, ಮತ್ತೆ ತಳ್ಳುವುದು. ಹನ್ನೊಂದು ವರ್ಷ ಬೆನ್ಸನ್ ಟೌನಿನ ಮರಗಳನ್ನು ಒಂದೇ ಕಡೆಯಿಂದ ನೋಡಿದ ಎಂಜಿನ್ ಅದು. ಬೆಳಿಗ್ಗೆ ಅದರ ಹಬೆ ಆ ಮರಗಳ ಕೆಳಗೆ ಹರಡಿ, ಬಿಸಿಲು ಬೀಳುವವರೆಗೂ ಕರಗದೆ ನಿಲ್ಲುತ್ತಿತ್ತು. ಹಾಲಿನವರ ಸೈಕಲ್ಲು ಅದರೊಳಗೆ ಹೋಗಿ ಬಹಳ ಹೊತ್ತು ಮರೆಯಾಗಿ, ಬೇರೆ ಯಾವುದೋ ಬೀದಿಯಿಂದ ಹೊರಬಂದಂತೆ ತೋರುತ್ತಿತ್ತು.

ದಿನದ ಕೆಲಸ ಮುಗಿದ ಮೇಲೆ ಬೆಂಕಿಯನ್ನು ಆರಿಸುವ ಪದ್ಧತಿಯಿಲ್ಲ. ಕೆಂಡಗಳನ್ನು ಒಲೆಯ ಒಂದು ಬದಿಗೆ ಸರಿಸಿ, ಮೇಲೆ ಒದ್ದೆ ಮಾಡಿದ ಕಲ್ಲಿದ್ದಲ ಪುಡಿಯನ್ನು ಮುಚ್ಚುತ್ತಾರೆ. ಆ ಶೆಡ್ಡಿನವರು ಇದಕ್ಕೆ 'ಮಲಗಿಸುವುದು' ಎನ್ನುತ್ತಿದ್ದರು. "ಮಲಗ್ಸಿದ್ಯಾ?" ಎಂದು ಚಾಲಕ ಕೇಳಿದರೆ "ಮಲಗ್ಸಿದೆ ಸರ್" ಎಂದು ಹೇಳಿ ಮನೆಗೆ ಹೊರಡಬೇಕು. ಬೆಳಗಿನವರೆಗೂ ಎಂಜಿನ್ ಒಳಗೊಳಗೇ ಬೆಚ್ಚಗಿದ್ದು, ಆಗಾಗ ಎಲ್ಲಿಯೋ ಒಂದು ತಗಡು ಟಿಕ್ ಎನ್ನುತ್ತಿತ್ತು. ಮದುವೆಯಾದ ಹೊಸತರಲ್ಲಿ ಮುನಿಯಮ್ಮನವರು ಒಮ್ಮೆ, "ಯಾರನ್ನ ಮಲಗ್ಸಿ ಬರ್ತೀರಿ ದಿನಾ?" ಎಂದು ಕೇಳಿ ದೊಡ್ಡ ರಾದ್ಧಾಂತವಾಗಿತ್ತು.

ಶನಿವಾರ ಚಿಕ್ಕವೆಂಕಟಪ್ಪನವರು ಅಬ್ರಾರ್ ಅವರಿಗೆ ಫೋನ್ ಮಾಡಿದರು. ಶಿವಾಜಿನಗರದ ಅಬ್ರಾರ್ 1985ರಲ್ಲಿ ಕೆ.ಆರ್. ಪುರದ ಯಾರ್ಡ್ ಕ್ಲರ್ಕ್ ಆಗಿದ್ದವರು. ಆ ರಿಜಿಸ್ಟರಿನ ಸಾಲು ಅವರ ಕೈಬರಹ. ಇಬ್ಬರೂ ಟಿನ್ ಫ್ಯಾಕ್ಟರಿ ಬಸ್ ನಿಲ್ದಾಣದಲ್ಲಿ ಭೇಟಿಯಾದರು. ಅಲ್ಲಿ ಬಸ್ಸು, ಮೆಟ್ರೋ, ಲಾರಿ, ಆಟೋ ಎಲ್ಲವೂ ಒಂದೇ ಸಮನೆ ಕೂಗುತ್ತಿದ್ದವು. ಅಬ್ರಾರ್ ಗೆಳೆಯನ ತೋಳನ್ನು ಚಿವುಟಿ ನೋಡಿದರು.

"ಗಟ್ಟಿ ಇದೀಯಲ್ಲಪ್ಪ. ಬೃಂದಾ ಕಳಿಸಿದ ಬೋರ್ಡ್ ಫೋಟೋ ನೋಡಿ ನಾನು ಅಂದ್ಕೊಂಡೆ, ಅರೆ, ನನಗೆ ಹೇಳ್ದೇನೇ ಹೋಗ್ಬಿಟ್ನಲ್ಲ ಅಂತ."

"ನೀನು ಒಂದು ಫುಲ್ ಸ್ಟಾಪ್ ಹಾಕಿದ್ರೆ ಇಷ್ಟು ಆಗ್ತಿರ್ಲಿಲ್ಲ. 27 ಡೆಡ್, ಫುಲ್ ಸ್ಟಾಪ್. ಆಮೇಲೆ ನನ್ನ ಹೆಸರು."

"ನಲವತ್ತು ವರ್ಷ ಆದ್ಮೇಲೆ ಗ್ರಾಮರ್ ಹೇಳ್ಕೊಡ್ತೀಯಾ? ಅವತ್ತು ಟೀನೂ ಕುಡ್ಸಿದೀನಿ ನಿನಗೆ."

ಕೆ.ಆರ್. ಪುರ ನಿಲ್ದಾಣದಿಂದ ಹಳೆಯ ಹೆಂಚಿನ ಕಾರ್ಖಾನೆಯೊಂದಕ್ಕೆ ಹೋಗುತ್ತಿದ್ದ ಅಡ್ಡಹಳಿಯ ಕೊನೆಯಲ್ಲಿ ಆ ಸಂಗ್ರಹಾಲಯವಿದೆ. ಅದರ ಚರಿತ್ರೆ ಚಿಕ್ಕದು. ಸರಿಯಾಗಿ ಹೇಳುವವರಿಲ್ಲದ್ದರಿಂದ ಇಲ್ಲಿ ಹೇಳಬೇಕಾಗಿದೆ. ಅಂದು ಗಾಡಿಯಿಂದ ಕಳಚಿದ ನಂ. 27ನ್ನು ಆ ಅಡ್ಡಹಳಿಗೆ ತಳ್ಳಿದರು. ಬದಲಿ ಆಕ್ಸಲ್ ಬಾಕ್ಸ್ ಬೇಕೆಂದು ಬರೆದ ಕಾಗದ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗುತ್ತ, ಎಂಟು ವರ್ಷಗಳಲ್ಲಿ ಕಾಣೆಯಾಯಿತು. ಹರಾಜಿನ ಪಟ್ಟಿಯಿಂದ ಎಂಜಿನ್ ಆಗಲೇ ಬಿಟ್ಟುಹೋಗಿತ್ತು. ಚಾಲ್ತಿಯ ಪಟ್ಟಿಯಲ್ಲಿಯೂ ಇರಲಿಲ್ಲ. ಎರಡು ಪಟ್ಟಿಗಳಲ್ಲಿಯೂ ಇಲ್ಲದ್ದನ್ನು ಯಾರೂ ಹುಡುಕುವುದಿಲ್ಲ. ಗಾಲಿಗಳ ನಡುವೆ ಸೀತಾಫಲದ ಗಿಡ ಬೆಳೆದು ಫಲ ಕೊಟ್ಟಿತು. 2007ರಲ್ಲಿ ಈ ಭಾಗದ ನಿವೃತ್ತ ರೈಲ್ವೆ ನೌಕರರ ಸಂಘದವರು ಅದಕ್ಕೊಂದು ಶೀಟಿನ ಮಾಡು ಕಟ್ಟಿ, ಅವರವರ ಮನೆಯ ಅಟ್ಟದಲ್ಲಿದ್ದ ಕೈದೀಪ, ಗಂಟೆ, ಸೀಟಿ, ಬಾವುಟಗಳನ್ನು ತಂದಿಟ್ಟು, ಬಾಗಿಲಿಗೆ ಒಂದು ಹೆಸರು ಬರೆಸಿದರು. ಸಂಗ್ರಹಾಲಯ ಎಂದರೆ ಅಷ್ಟೇ. ಉದ್ಘಾಟನೆಗೆ ಚಿಕ್ಕವೆಂಕಟಪ್ಪನವರಿಗೂ ಆಹ್ವಾನ ಬಂದಿತ್ತು. ಹೋಗಲಿಲ್ಲ. ಕೆ.ಆರ್. ಪುರದ ಡೀಸೆಲ್ ಶೆಡ್ಡಿನಲ್ಲಿ ದುಡಿದ ಹತ್ತೊಂಬತ್ತು ವರ್ಷಗಳಲ್ಲಿಯೂ, ನಿವೃತ್ತರಾಗಿ ಕಳೆದ ಇಪ್ಪತ್ತು ವರ್ಷಗಳಲ್ಲಿಯೂ ಅವರು ಆ ದಾರಿ ಹಿಡಿದವರಲ್ಲ.

ಬಾಗಿಲಲ್ಲಿ ಟಿಕೆಟ್ ಕೊಡುವ ರಾಜೇಶ್ವರಿ ಕುಳಿತಿದ್ದರು. ಸೇಡಂ ಕಡೆಯಿಂದ ಬಂದು, ಹತ್ತಿರದಲ್ಲಿಯೇ ಬಾಡಿಗೆ ಕೋಣೆಯಲ್ಲಿದ್ದು, ಬೆಳಿಗ್ಗೆ ಎಂಜಿನ್ ಒರೆಸಿ, ನೆಲ ಗುಡಿಸಿ, ಹತ್ತು ಗಂಟೆಗೆ ಟಿಕೆಟ್ ಪುಸ್ತಕ ಹಿಡಿಯುತ್ತಾರೆ. ನೀಲಿ ಫಲಕದ ಕೆಳಗೆ ಚೆಂಡುಹೂವಿನ ಚಿಕ್ಕ ರಾಶಿ ಇತ್ತು. ಒಂದು ಊದುಬತ್ತಿ ಅರ್ಧ ಉರಿದಿತ್ತು.

"ಇದನ್ನ ಯಾರಮ್ಮ ಇಟ್ಟಿದ್ದು?" ಎಂದರು ಚಿಕ್ಕವೆಂಕಟಪ್ಪನವರು.

"ನಾನರೀ ಅಜ್ಜಾರ. ಬೋರ್ಡು ಹಾಕಿದಾಗಿಂದ ದಿನಾ ಇಡಾಕತ್ತೀನ್ರಿ. ಭಾಳ ದೊಡ್ಡ ಮನಷ್ಯಾ ಇದ್ದನಂತ್ರಿ. ಮಂದೀನ ಉಳಿಸಿ ತಾ ಹೋದ."

"ಆ ಮನುಷ್ಯ ನಾನೇ."

ರಾಜೇಶ್ವರಿ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿ, ಅಬ್ರಾರ್ ಅವರತ್ತ ತಿರುಗಿದರು. "ಇವ್ರಿಗೆ ಬಿಸಲು ಹತ್ತೇತೇನ್ರೀ? ಕುಂದ್ರಸ್ರಿ. ನೀರು ತರ್ತೀನಿ."

"ಬಿಸಿಲಲ್ಲಮ್ಮ, ಇವನು ನಿಜವಾಗ್ಲೂ ಅವನೇ. ನಲವತ್ತೈದು ವರ್ಷದಿಂದ ನನ್ನ ತಲೆ ತಿಂತಿದಾನೆ. ಸತ್ತೋರು ಇಷ್ಟು ತಿನ್ನಲ್ಲ."

ರಾಜೇಶ್ವರಿ ಹೂವಿನ ರಾಶಿಯನ್ನೂ ಅಜ್ಜನನ್ನೂ ಮತ್ತೊಮ್ಮೆ ನೋಡಿದರು. ದನಿ ತಗ್ಗಿತು. "ಅಲ್ರೀ, ಬದುಕಿದ್ದವ್ರಿಗೆ ಹೂವ, ಊದಿನಕಡ್ಡಿ ಇಟ್ರ ನಿಮಗ ಏನಾರ ಆಗತದೇನ್ರೀ? ಎರಡು ತಿಂಗಳಾತು."

"ಇಲ್ಲಿವರೆಗೆ ಏನೂ ಆಗಿಲ್ಲ," ಎಂದರು ಚಿಕ್ಕವೆಂಕಟಪ್ಪನವರು. ಸ್ವಲ್ಪ ಯೋಚಿಸಿ, "ಮಂಡಿ ನೋವಿತ್ತು. ಅದು ಮೊದಲಿಂದಲೂ ಇತ್ತು," ಎಂದು ಸೇರಿಸಿದರು. ವಿಷಯ ಖಚಿತವಾಗಿರಬೇಕಲ್ಲ.

ಸಂಘದ ಕಾರ್ಯದರ್ಶಿ ಆನಂದ್ ಒಳಗಿನ ಕೋಣೆಯಲ್ಲಿದ್ದರು. ಸಿಗ್ನಲ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು, ಸಂಭಾವಿತರು. ಚಿಕ್ಕವೆಂಕಟಪ್ಪನವರು ಜೇಬಿನಿಂದ ಜೀವನ ಪ್ರಮಾಣಪತ್ರದ ಪ್ರತಿಯನ್ನು ತೆಗೆದು ಮೇಜಿನ ಮೇಲಿಟ್ಟರು. ಅದರ ಮೇಲೆ ಕ್ಯಾಲೆಂಡರಿನ ಹಾಳೆಯನ್ನಿಟ್ಟರು. ಆನಂದ್ ಎರಡನ್ನೂ ಓದಿ ತಲೆ ತಗ್ಗಿಸಿದರು.

"ತಪ್ಪಾಯ್ತು ಸರ್. ಅವ್ರು ಬರೆದು ತಂದ್ರು, ನಾವು ಮೊಳೆ ಹೊಡೆದ್ವಿ. ಮುಂದಿನ ಭಾನುವಾರದೊಳಗೆ ತೆಗೆಸ್ತೀನಿ. ಆದ್ರೆ ಆ ಜಾಗದಲ್ಲಿ ಏನು ಬರೀಬೇಕು? ಬಂದೋರೆಲ್ಲ ಕೇಳೋದು ಒಂದೇ, ಈ ಎಂಜಿನ್ ಇಲ್ಲಿ ಯಾಕೆ ನಿಂತಿದೆ ಅಂತ. ನಮಗ್ಯಾರಿಗೂ ಗೊತ್ತಿಲ್ಲ. ನೀವೊಬ್ರೇ ಅವತ್ತು ಅದ್ರ ಮೇಲಿದ್ದೋರು. ನೀವೇ ನಾಲ್ಕು ಸಾಲು ಬರೆದು ಸೈನ್ ಮಾಡಿ ಕೊಡಿ. ನಿಮ್ಮ ಹೆಸರಲ್ಲೇ ಹಾಕ್ತೀವಿ."

ಚಿಕ್ಕವೆಂಕಟಪ್ಪನವರು ಕ್ಯಾಲೆಂಡರಿನ ಹಾಳೆಯನ್ನು ಮಡಚಿದರು. ಅರ್ಧಕ್ಕೆ ನಿಂತ ಆ ವಾಕ್ಯ ಮಡಿಕೆಯ ಒಳಗೆ ಹೋಯಿತು. "ಭಾನುವಾರ ತರ್ತೀನಿ," ಎಂದರು.

ಹೊರಗೆ ಬಂದು ಅಬ್ರಾರ್ ಕೇಳಿದರು: "ಭಾನುವಾರ ಯಾಕೆ? ಒಂದು ಸಾಲಪ್ಪ. ಹಾಟ್ ಬಾಕ್ಸ್ ಆಯ್ತು, ಕಳಚಿದ್ರು, ಮುಗೀತು. ನನ್ನ ರಿಜಿಸ್ಟರಲ್ಲೇ ಇದೆ. ಸಾಕ್ಷಿ ನಾನು."

ಚಿಕ್ಕವೆಂಕಟಪ್ಪನವರು ಎಂಜಿನ್ನಿನ ಎದುರು ನಿಂತಿದ್ದರು. ನಲವತ್ತು ವರ್ಷಗಳಲ್ಲಿ ಅದನ್ನು ಹತ್ತಿರದಿಂದ ನೋಡುತ್ತಿದ್ದದ್ದು ಅದೇ ಮೊದಲು. ಯಾರೋ ಅದಕ್ಕೆ ಕೆಂಪು ಬಣ್ಣ ಬಳಿದಿದ್ದರು. ಅದೂ ತಪ್ಪು, ಅದು ಯಾವತ್ತೂ ಕಪ್ಪಗಿತ್ತು. ಆದರೆ ಪಟ್ಟಿಗೆ ಸೇರಿಸುವ ಮನಸ್ಸಾಗಲಿಲ್ಲ. ಮಾಡಿನ ಸೀಳಿನಿಂದ ಬಿದ್ದ ಬಿಸಿಲಿನಲ್ಲಿ ಧೂಳು ನಿಧಾನವಾಗಿ ತಿರುಗುತ್ತಿತ್ತು. ಹಬೆಯಂತೆಯೇ ಕಂಡಿತು.

1985ರ ಡಿಸೆಂಬರಿನ ಆ ಸೋಮವಾರ ಕಂಟೋನ್ಮೆಂಟಿನಲ್ಲಿ ದಟ್ಟವಾದ ಮಂಜಿತ್ತು. ಹಿಂದಿನ ಶನಿವಾರ ನಂ. 27ರ ಬೆಂಕಿಯನ್ನು ಮಲಗಿಸದೆ ಪೂರ್ತಿ ತೆಗೆದಿದ್ದರು. ಜೋಲಾರಪೇಟೆಗೆ ಹೋಗಿ, ಅಲ್ಲಿಂದ ಮುಂದೆ ಗುಜರಿಗೆ ಸೇರಬೇಕಿತ್ತು. ಗೂಡ್ಸ್ ಗಾಡಿಯ ಕೊನೆಯಲ್ಲಿ, ಗಾರ್ಡಿನ ಡಬ್ಬಿಗೆ ಮುಂದೆ ಅದನ್ನು ಸೇರಿಸಿದರು. ನಿಯಮದಂತೆ ಒಬ್ಬ ಕಾವಲುಗಾರ ಬೇಕು; ಮೂವತ್ತೆಂಟು ವರ್ಷದ ಚಿಕ್ಕವೆಂಕಟಪ್ಪನವರನ್ನು ಕಳಿಸಿದರು. ಕೆಲಸ ಸುಲಭ: ಗಾಡಿ ನಿಂತಲ್ಲೆಲ್ಲ ಇಳಿದು, ಪ್ರತಿ ಆಕ್ಸಲ್ ಬಾಕ್ಸಿನ ಮೇಲೆ ಕೈಯ ಹಿಂಬದಿಯನ್ನಿಟ್ಟು ಎಣಿಸುವುದು. ಹತ್ತರವರೆಗೆ ಇಡಲಾದರೆ ಬೆಚ್ಚಗೆ. ಮೂರರೊಳಗೆ ತೆಗೆಯಬೇಕಾದರೆ ಬಿಸಿ. ಬೆಚ್ಚಗಿದ್ದರೆ ಗಾಡಿ ಹೊರಡುತ್ತದೆ. ಬಿಸಿಯಾಗಿದ್ದರೆ ಎಂಜಿನ್ನನ್ನು ಅಲ್ಲಿಯೇ ಕಳಚಬೇಕು. ಆ ವಿಷಯದಲ್ಲಿ ಕಾವಲುಗಾರನ ಮಾತೇ ಕೊನೆಯ ಮಾತು.

ಆರು ನಲವತ್ತಕ್ಕೆ ಗಾಡಿ ಕದಲಿತು. ಎಡಕ್ಕೆ ಬೆನ್ಸನ್ ಟೌನಿನ ಮರಗಳು ಒಂದೊಂದಾಗಿ ಮಂಜಿನಿಂದ ಹೊರಬಂದು, ಒಂದೊಂದಾಗಿ ಒಳಗೆ ಹೋದವು. ಬಲಕ್ಕೆ ದೂರದಲ್ಲಿ ಹಲಸೂರು ಎಂದಿರಬೇಕಾದ ಕಡೆಯಿಂದ ಗಂಟೆಯ ಸದ್ದು ಬಂತು, ಊರು ಕಾಣಲಿಲ್ಲ. ಹನ್ನೊಂದು ವರ್ಷದಲ್ಲಿ ನಂ. 27 ಯಾರ್ಡಿನ ಆಚೆಯ ಸಿಗ್ನಲ್ ದಾಟಿದ್ದು ಅದೇ ಮೊದಲು. ತಣ್ಣಗಿನ ಒಲೆಯ ಮುಂದೆ, ಸಲಿಕೆಯಿಲ್ಲದೆ, ಮಾಡಲು ಕೆಲಸವಿಲ್ಲದೆ ಚಿಕ್ಕವೆಂಕಟಪ್ಪನವರು ಕುಳಿತಿದ್ದರು. ಆಗ ಅವರಿಗೆ ಆ ಶಬ್ದ ಕೇಳಿಸಿತು.

ಗಾಲಿ ತಿರುಗಿದರೆ ಸಿಲಿಂಡರಿನೊಳಗೆ ಪಿಸ್ಟನ್ ಆಡುತ್ತದೆ. ಹಬೆಯಿಲ್ಲದಿದ್ದರೆ ಅದು ಹೊರಗಿನ ಗಾಳಿಯನ್ನು ಎಳೆದುಕೊಂಡು ಬಿಡುತ್ತದೆ. ಇದರಲ್ಲಿ ವಿಚಿತ್ರವೇನೂ ಇಲ್ಲ. ಅವರಿಗೂ ಅದು ಗೊತ್ತಿತ್ತು. ಆದರೆ ಬೆಂಕಿಯ ಭೋರ್ಗರೆತವಿಲ್ಲದೆ ಆ ಎಂಜಿನ್ನಿನ ಸದ್ದನ್ನು ಅವರು ಎಂದೂ ಕೇಳಿರಲಿಲ್ಲ. ಸೊಯ್ಯ್ ಎಂದು ಒಳಗೆ, ಸೊಯ್ಯ್ ಎಂದು ಹೊರಗೆ. ಗಾಡಿ ನಿಧಾನವಾದಾಗ ಅದೂ ನಿಧಾನವಾಯಿತು. ಏರು ಬಂದಾಗ ಸ್ವಲ್ಪ ಎಳೆಯಿತು. ಬೆಳಗಿನ ಮಂಜನ್ನೇ ಒಳಗೆಳೆದು, ಕತ್ತಲೆಯ ಒಲೆಯ ಬಾಗಿಲ ಸಂದಿಯಿಂದ ತೆಳ್ಳಗೆ ಬಿಡುತ್ತಿರುವಂತೆ ಇತ್ತು. ಬೈಯಪ್ಪನಹಳ್ಳಿ ದಾಟುವಷ್ಟರಲ್ಲಿ ತಮ್ಮ ಉಸಿರೂ ಅದೇ ಲಯಕ್ಕೆ ಬಿದ್ದಿರುವುದು ಅವರಿಗೆ ತಿಳಿಯಿತು. ನಿದ್ದೆ ಬಂದಿತ್ತೋ ಎಚ್ಚರವಿತ್ತೋ ಅವರು ಇಂದಿಗೂ ಖಚಿತವಾಗಿ ಹೇಳಲಾರರು. ಆದ್ದರಿಂದ ಇಲ್ಲಿಯೂ ಹೇಳುವುದಿಲ್ಲ. ಮಂಜಿನಲ್ಲಿ ಊರು, ಹಳಿ, ವರ್ಷ ಯಾವುದೂ ಇರಲಿಲ್ಲ. ಮಲಗಿದ್ದ ಒಂದು ದೊಡ್ಡ ಜೀವದ ಪಕ್ಕದಲ್ಲಿ ಅವರು ಕುಳಿತಿದ್ದರು, ಅಷ್ಟೇ.

ಎಂಟು ಹದಿನೈದಕ್ಕೆ ಕೆ.ಆರ್. ಪುರ. ಇಳಿದು ಕೈಯ ಹಿಂಬದಿಯನ್ನು ಒಂದೊಂದೇ ಪೆಟ್ಟಿಗೆಯ ಮೇಲಿಟ್ಟರು. ಕೊನೆಯದರ ಮೇಲೆ ಹತ್ತರವರೆಗೆ ಎಣಿಸಿದರು. ಇಪ್ಪತ್ತರವರೆಗೂ ಎಣಿಸಿದರು. ನೀರು ತುಂಬಿದ ಮಡಕೆಯಂತೆ ತಣ್ಣಗಿತ್ತು. ಗಾರ್ಡು ಹಸಿರು ಬಾವುಟವನ್ನು ಕಂಕುಳಲ್ಲಿಟ್ಟುಕೊಂಡು, ಅವಸರದಲ್ಲಿ, "ಏನಪ್ಪಾ?" ಎಂದ.

"ಬಿಸಿ ಸರ್," ಎಂದರು ಚಿಕ್ಕವೆಂಕಟಪ್ಪನವರು.

ಅವರು ಮೊದಲೇ ಹೀಗೆ ನಿರ್ಧರಿಸಿದ್ದರು ಎಂದು ಬರೆದರೆ ಅದು ಇನ್ನೊಂದು ಸುಳ್ಳು ಫಲಕವಾಗುತ್ತದೆ. ನಿರ್ಧರಿಸಿರಲಿಲ್ಲ. ಬಾಯಿ ಹೇಳಿತು, ಕಿವಿ ಕೇಳಿ ಬೆಚ್ಚಿತು. ಮೂವತ್ತೇಳು ವರ್ಷಗಳ ಸೇವೆಯಲ್ಲಿ ಅವರು ಹೇಳಿದ ಸುಳ್ಳು ಅದೊಂದೇ. ಅದರ ಮೇಲೆಯೇ ಆ ಸಂಗ್ರಹಾಲಯ ನಿಂತಿತ್ತು.

ಆ ವಾರವೆಲ್ಲ ಚಿಕ್ಕವೆಂಕಟಪ್ಪನವರು ಮನೆಯ ಜಗಲಿಯಲ್ಲಿ ಹಾಳೆ ಹಿಡಿದು ಕುಳಿತರು. 'ಹಾಟ್ ಬಾಕ್ಸ್ ಆಯಿತು' ಎಂದು ಬರೆದರೆ ಯಾರೂ ಪ್ರಶ್ನಿಸುವುದಿಲ್ಲ. ರಿಜಿಸ್ಟರಿದೆ, ಸಾಕ್ಷಿಯಿದೆ. ಆದರೆ ಅದರ ಕೆಳಗೆ ಸಹಿ ಹಾಕಿದರೆ, ಕಂಪನಿಯವರು ಅರಿಯದೆ ಮಾಡಿದ ಏಳು ತಪ್ಪುಗಳಿಗೆ ತಾವು ಅರಿತೇ ಒಂದನ್ನು ಸೇರಿಸಿದಂತಾಗುತ್ತದೆ. ನಿಜ ಬರೆದರೆ, ಕಾವಲುಗಾರನ ಮಾತೇ ಕೊನೆಯ ಮಾತು ಎಂದು ನಂಬಿದ ಇಲಾಖೆಗೆ ವಂಚಿಸಿದವನೆಂದು, ಸ್ವಂತ ಹೆಸರಿನ ಕೆಳಗೆ, ಬಂದುಹೋಗುವವರೆಲ್ಲ ಓದುತ್ತಾರೆ. ಬೃಂದಾಳ ಗೆಳತಿಯರೂ ಓದುತ್ತಾರೆ. ಸುಮ್ಮನಿದ್ದರೆ ಹುತಾತ್ಮನಾಗಿಯೇ ಉಳಿಯಬಹುದು, ಹೂವೂ ತಪ್ಪುವುದಿಲ್ಲ.

ಶುಕ್ರವಾರ ಅಬ್ರಾರ್ ಮನೆಗೇ ಬಂದರು. ಹಾಳೆಯನ್ನು ನೋಡಿದರು, ಖಾಲಿಯಿತ್ತು.

"ನನಗೆ ಅವತ್ತೇ ಗೊತ್ತಿತ್ತು," ಎಂದರು.

"ಏನು ಗೊತ್ತಿತ್ತು?"

"ನೀನು ಬಿಸಿ ಅಂತ ಗಾರ್ಡಿಗೆ ಹೇಳಿ ನನ್ನ ರೂಮಿಗೆ ಬಂದೆ. ನಾನು ಟೀ ಕೊಟ್ಟೆ. ಗ್ಲಾಸನ್ನ ಅದೇ ಕೈಯಲ್ಲಿ ಹಿಡ್ಕೊಂಡು, ಟೀ ಬಿಸಿ ಸಾಲ್ದು ಅಬ್ರಾರ್ ಅಂದೆ. ಹಾಟ್ ಬಾಕ್ಸ್ ಮುಟ್ಟಿ ಬಂದ ಕೈ ಆ ಮಾತು ಆಡುತ್ತಾ? ಆಮೇಲೆ ನಾನು ಪೆನ್ ತೆಗೆದು ಹಾಟ್ ಬಾಕ್ಸ್ ಅಂತ ಬರ್ದೆ."

"ಗೊತ್ತಿದ್ದೂ ಬರ್ದ್ಯಾ?"

"ನಿನ್ನ ಮುಖ ನೋಡಿ ಬರ್ದೆ ಯಾರ್. ಆವತ್ತು ಡೆಡ್ ಆಗಿದ್ದು ನೀನು, ಎಂಜಿನ್ ಅಲ್ಲ."

ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಿದ್ದ ಮುನಿಯಮ್ಮನವರು ತಲೆ ಎತ್ತದೆ ಹೇಳಿದರು. "ನಲವತ್ತು ವರ್ಷ ಆ ದಾರೀಲಿ ಯಾಕೆ ಹೋಗಲ್ಲ ಅಂತ ನಾನೇನಾದ್ರೂ ಕೇಳಿದ್ನಾ? ಬರೆದು ಕೊಟ್ಬಿಟ್ಟು ಬನ್ರಿ. ಟಿನ್ ಫ್ಯಾಕ್ಟರೀಲಿ ಸೊಪ್ಪು ಅಗ್ಗ, ಇನ್ಮೇಲಾದ್ರೂ ತರಬೋದು."

ಭಾನುವಾರ ಮಧ್ಯಾಹ್ನ ಚಿಕ್ಕವೆಂಕಟಪ್ಪನವರು ಒಬ್ಬರೇ ಹೋದರು. ನೀಲಿ ಫಲಕವನ್ನು ಆಗಲೇ ಇಳಿಸಿ ಗೋಡೆಗೆ ಮುಖ ಮಾಡಿ ಇಟ್ಟಿದ್ದರು. ಆನಂದ್ ಹಾಳೆಯನ್ನು ತೆಗೆದುಕೊಂಡು ಗಟ್ಟಿಯಾಗಿ ಓದಿದರು. ರಾಜೇಶ್ವರಿಯೂ ಬಂದು ನಿಂತು ಕೇಳಿದರು.

"ನಂ. 27, ಕಂಟೋನ್ಮೆಂಟ್ ಯಾರ್ಡಿನ ಶಂಟಿಂಗ್ ಎಂಜಿನ್. 1985ರ ಡಿಸೆಂಬರ್ 9, ಸೋಮವಾರ, ಗುಜರಿಗೆ ಹೋಗುವ ದಾರಿಯಲ್ಲಿ, ಬೆಂಕಿಯಿಲ್ಲದೆ, ಇಲ್ಲಿಗೆ ಬಂತು. ಆಕ್ಸಲ್ ಬಾಕ್ಸ್ ಬಿಸಿಯಾಗಿದೆ ಎಂದು ಕಾವಲಿಗಿದ್ದ ಫೈರ್‌ಮನ್ ಹೇಳಿದ್ದರಿಂದ ಗಾಡಿಯಿಂದ ಕಳಚಿದರು. ಆಕ್ಸಲ್ ಬಾಕ್ಸ್ ತಣ್ಣಗಿತ್ತು. ಎಂಜಿನ್ ಉಸಿರಾಡುತ್ತಿತ್ತು. ಚಿಕ್ಕವೆಂಕಟಪ್ಪ, ಫೈರ್‌ಮನ್, ನಿವೃತ್ತ."

ಆನಂದ್ ಕನ್ನಡಕ ತೆಗೆದು ಒರೆಸಿಕೊಂಡರು. "ಸರ್, ಇದನ್ನ ಹೀಗೇ ಹಾಕಿದ್ರೆ..."

"ಹೀಗೇ ಹಾಕಿ. ಒಂದಕ್ಷರ ಬದಲಾಯಿಸಬೇಡಿ. ನಿವೃತ್ತ ಅನ್ನೋದನ್ನ ದಿವಂಗತ ಅಂತ ಮಾಡಿಬಿಟ್ಟಾರು, ಪ್ರೂಫ್ ನನಗೆ ತೋರಿಸಿ."

ರಾಜೇಶ್ವರಿಯವರ ಕೈಯಲ್ಲಿ ಅಂದಿನ ಹೂವಿತ್ತು, ಇಡಲು ಜಾಗವಿರಲಿಲ್ಲ. "ಅಂದ್ರ ಮಂದೀನ ಯಾರೂ ಉಳಸಲಿಲ್ಲೇನ್ರೀ ಅಜ್ಜಾರ?"

"ಇಲ್ಲಮ್ಮ."

"ಇದನ್ನ ಉಳಿಸಿದ್ರಿ." ಅವರು ಎಂಜಿನ್ನಿನತ್ತ ಗಲ್ಲ ಎತ್ತಿ ತೋರಿಸಿದರು. "ದಿನಾ ಒರಸಾಕ ನನಗೊಂದು ಕೆಲಸ ಆತು. ಇಲ್ಲಂದ್ರ ನಾ ಎಲ್ಲಿರ್ತಿದ್ನೋ." ಹೂವನ್ನು ಕೊನೆಯ ಗಾಲಿಯ ಬಳಿ ಇಟ್ಟರು.

ಚಿಕ್ಕವೆಂಕಟಪ್ಪನವರು ಮಂಡಿಯನ್ನು ಹಿಡಿದುಕೊಂಡು ನಿಧಾನವಾಗಿ ಬಗ್ಗಿದರು. ಮಾಡಿನ ಸೀಳಿನಿಂದ ಇಳಿದ ಬಿಸಿಲು ಮಧ್ಯಾಹ್ನವೆಲ್ಲ ಆ ಆಕ್ಸಲ್ ಬಾಕ್ಸಿನ ಮೇಲೆಯೇ ಬಿದ್ದಿತ್ತು. ಹೊರಗೆ ಎಲ್ಲಿಯೋ ಒಂದು ಗಾಡಿ ಹೋಯಿತು. ಹಳಿಗಳ ನಡುಕ ನೆಲದ ಮೂಲಕ ಬಂದು ಗಾಲಿಗಳನ್ನು ಮುಟ್ಟಿತು. ಅವರು ಕೈಯ ಹಿಂಬದಿಯನ್ನು ಕಬ್ಬಿಣದ ಮೇಲಿಟ್ಟು ಕಣ್ಣು ಮುಚ್ಚಿದರು. ತುಟಿ ಅಲುಗುತ್ತಿತ್ತು. ರಾಜೇಶ್ವರಿ ಎಣಿಕೆಯನ್ನು ಕೇಳಿಸಿಕೊಂಡರು: ಒಂದು, ಎರಡು, ಮೂರು. ಕೈ ಅಲ್ಲಿಯೇ ಇತ್ತು. ಏಳು. ಎಂಟು. ಒಂಬತ್ತು. ಹತ್ತು.

"ಬಿಸಿ ಐತೇನ್ರೀ ಅಜ್ಜಾರ?"

ಅವರು ಕೈ ತೆಗೆಯಲಿಲ್ಲ.

"ಇಲ್ಲಮ್ಮ. ಬೆಚ್ಚಗಿದೆ, ಅಷ್ಟೇ. ಗಾಡಿ ಹೊರಡಬಹುದು."